ಜೋಡುಗುಡ್ಡದ ಮೊದಲ ಕಲ್ಲು

ಲಾರಿಗೆ ಗಾಲಿಗಳೇ ಇರಲಿಲ್ಲ.

ನಾಲ್ಕು ದಪ್ಪ ಮರದ ದಿಮ್ಮಿಗಳ ಮೇಲೆ ಅದು ನಿಂತಿತ್ತು. ಎಂಜಿನ್ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಪೊಟರೆ. ಡ್ರೈವರ್ ಸೀಟಿನ ಮೇಲೆ ಕಾವಿಗೆ ಕೂತಿದ್ದ ಕೆಂಚು ಕೋಳಿಯೊಂದು ವಿರೂಪಾಕ್ಷಪ್ಪನನ್ನು ನೋಡಿ ಗರಿ ಉಬ್ಬಿಸಿ ಕುರ್ರೆಂದಿತು.

"ನೋಡಿದ್ರಾ ದಫೇದಾರ್ರೇ?" ಜಲ್ಲಿ ಕ್ರಷರಿನ ಮಾಲೀಕ ಮುರುಗೇಶಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ. "ನನ್ನ ಹತ್ರ ಇರಾದೇ ಇದೊಂದು ಲಾರಿ. ದೀಪಾವಳಿ ಆದ ವಾರಕ್ಕೇ ಇಂಜಿನ್ ಬಿಚ್ಚಿ ದಾವಣಗೆರೆಗೆ ಕಳಿಸೀನಿ. ಹೋದ ಶನಿವಾರ ಲಾರಿ ಹತ್ರ ಮೇಷ್ಟ್ರ ಜೊತೆ ಜಗಳ ಆಡಿದೆ ಅಂತೀರಲ್ಲ, ಈ ಕೋಳೀನೇ ಸಾಕ್ಷಿ ಕರೀರಿ ಮತ್ತೆ."

ವಿರೂಪಾಕ್ಷಪ್ಪನ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ದಫೇದಾರನಾಗಿ ನಿವೃತ್ತಿ ಪಡೆದು, ಈಗ ಜಗಳೂರಿನ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆ ಸೈಕಲ್ ಅಂಗಡಿ ಇಟ್ಟುಕೊಂಡವನು ಅವನು. ಕಳ್ಳರ ಎದುರು ಒಂದೆರಡು ಸಲ ಮುಖಭಂಗವಾದದ್ದುಂಟು. ಕೋಳಿಯ ಎದುರು ಆದದ್ದು ಇದೇ ಮೊದಲು.

"ಹಾಗಾದ್ರೆ ಜಗಳ ಆಡೇ ಇಲ್ಲ ಅಂತೀರಾ?"

"ಆಡೀನಿ! ಯಾಕೆ ಸುಳ್ಳು ಹೇಳಲಿ? ಗುಡ್ಡದ ಆ ಮಗ್ಗಲು, ಬೇಲದ ಮರದ ತಾವ ಸಿಕ್ಕಿದ್ರು. ನನ್ನ ಕ್ರಷರ್ ಮುಚ್ಚಿಸಿ ನೀವು ಸೈಕಲ್ ಆಡಾಕೆ ಹೊಂಟೀರಾ ಅಂತ ಕೇಳಿದೆ. ಅವರೂ ಒಂದೆರಡು ಅಂದ್ರು, ನಾನೂ ಅಂದೆ. ಆಮೇಲೆ ಅವರು ಸೈಕಲ್ ಹತ್ತಿ ಹೋದ್ರು, ನಾನು ಊಟಕ್ಕೆ ಬಂದೆ. ಮನುಷ್ಯನ್ನ ಮಾಯ ಮಾಡಾ ವಿದ್ಯೆ ನನಗೆ ಗೊತ್ತಿಲ್ರೀ."

ಮಾತಿನಲ್ಲಿ ಸಿಟ್ಟಿತ್ತು, ತಡವರಿಕೆ ಇರಲಿಲ್ಲ. ಸುಳ್ಳು ಹೇಳುವವರನ್ನು ನೂರಾರು ಕಂಡಿದ್ದ ವಿರೂಪಾಕ್ಷಪ್ಪನಿಗೆ ಇವನು ಆ ಜಾತಿಯವನಲ್ಲ ಅನ್ನಿಸಿತು. ಆದರೆ ಅವನ ಕೈಯಲ್ಲಿದ್ದದ್ದು ಇದೊಂದೇ ಎಳೆ.

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಜಯದೇವಪ್ಪ ಹೋದ ಭಾನುವಾರ ಸೈಕಲ್ ಹತ್ತಿ ಜೋಡುಗುಡ್ಡಕ್ಕೆ ಹೋದವರು ಶುಕ್ರವಾರವಾದರೂ ಮನೆ ಸೇರಿರಲಿಲ್ಲ. ಶನಿವಾರ ಸಂಜೆ ಪಂಕ್ಚರ್ ಹಾಕಿಸಲು ಬಂದಿದ್ದಾಗ ಅವರು ಅಂಗಡಿಯ ಬೆಂಚಿನ ಮೇಲೆ ಮರೆತುಹೋದ ನೋಟುಬುಕ್ಕು ವಿರೂಪಾಕ್ಷಪ್ಪನ ಜೇಬಿನಲ್ಲಿತ್ತು. ಅದರ ಕೊನೆಯ ಸಾಲು ಅವನಿಗೆ ಬಾಯಿಪಾಠವಾಗಿತ್ತು.

'ಲಾ ಹತ್ತಿರ ಮುರುಗೇಶಪ್ಪ. ಜಗಳ. ನಾಳೆ ೯ಕ್ಕೆ ಹೋಗಲೇಬೇಕು.'

ಲಾ ಎಂದರೆ ಲಾರಿ. ಒಂಬತ್ತಕ್ಕೆ ಎಂದರೆ ಬೆಳಿಗ್ಗೆ ಒಂಬತ್ತು ಗಂಟೆಗೆ. ಲಾರಿಯ ಹತ್ತಿರ ಜಗಳವಾಗಿದೆ, ಮರುದಿನ ಬಾ ಎಂದು ಕರೆಸಿಕೊಂಡಿದ್ದಾರೆ, ಹೋದ ಮನುಷ್ಯ ಬಂದಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೊಂದಿಕೊಂಡಿದ್ದ ಲೆಕ್ಕಾಚಾರ ಈಗ ದಿಮ್ಮಿಗಳ ಮೇಲೆ ಕೂತುಬಿಟ್ಟಿತ್ತು.

ಸೈಕಲ್ ತಳ್ಳಿಕೊಂಡು ಗುಡ್ಡದ ಬುಡದ ಹಟ್ಟಿಯ ಕಡೆ ಹೊರಟ. ಅಲ್ಲಿ ಮೇಷ್ಟರ ಹೆಂಡತಿ ನಿರ್ಮಲಮ್ಮ ಕಾಯುತ್ತಿದ್ದಳು. ಅವಳಿಗೆ ಏನು ಹೇಳುವುದು ಎಂಬುದೇ ಅವನಿಗೆ ದೊಡ್ಡ ಏರಾಗಿತ್ತು.

ಹಟ್ಟಿಯ ಭೀಮಕ್ಕನ ಕಣದಲ್ಲಿ ಬಿಳಿಜೋಳದ ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು. ನಿರ್ಮಲಮ್ಮ ಹುಲ್ಲಿನ ಬಣವೆಯ ನೆರಳಿನಲ್ಲಿ ನೆಟ್ಟಗೆ ಕೂತಿದ್ದಳು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದವಳು ಹನಿ ನೀರೂ ಕುಡಿದಿರಲಿಲ್ಲ. ಪಕ್ಕದಲ್ಲೇ ಕಾಡಿನ ಗಾರ್ಡ್ ಮಲ್ಲೇಶಪ್ಪ ಖಾಕಿ ಟೋಪಿಯಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದ. ನೋಟುಬುಕ್ಕು ನೋಡಿ "ಲಾ ಅಂದ್ರೆ ಲಾರಿ, ಇನ್ನೇನು" ಎಂದು ನಾಲ್ಕು ದಿನದ ಹಿಂದೆ ದಾರಿ ತೋರಿಸಿದವನು ಇವನೇ. ಪುಟದ ತುಂಬ ಇದ್ದ ಅಂಕಿಗಳು ಗುಡ್ಡದಿಂದ ಇಳಿದ ಜಲ್ಲಿಯ ಲೋಡುಗಳು ಎಂದೂ ಅವನೇ ಬಿಡಿಸಿ ಹೇಳಿದ್ದ.

"ಏನಾಯ್ತು ದಫೇದಾರ್ರೇ?" ನಿರ್ಮಲಮ್ಮ ಎದ್ದು ನಿಂತಳು.

"ಲಾರಿ ಮೂರು ತಿಂಗಳಿಂದ ಅಲ್ಲಾಡಿಲ್ಲ ತಾಯೀ."

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗುಡ್ಡದ ಕಡೆ ನೋಡಿದಳು. ಹನ್ನೊಂದು ವರ್ಷದಿಂದ ಅವಳ ಗಂಡನ ಭಾನುವಾರಗಳೆಲ್ಲ ಆ ಗುಡ್ಡದ ಪಾಲು. ಹಳೇ ಗಾಡಿ ಜಾಡು, ಕುರಿಯವರ ಕಾಲುದಾರಿ, ಗರಸು ಹಾಸಿದ ಇಳಿಜಾರುಗಳನ್ನೆಲ್ಲ ಸೈಕಲ್ಲಿನಲ್ಲಿ ತುಳಿದು, ಒಂದಕ್ಕೊಂದು ಜೋಡಿಸಿ, ಅಲ್ಲಲ್ಲಿ ಕಲ್ಲುಗಳಿಗೆ ಸುಣ್ಣದ ಗುರುತು ಹಾಕಿ, ಇಡೀ ಕಾಡು ಸುತ್ತುವ ದಾರಿಯ ನಕ್ಷೆ ಬರೆಯುತ್ತಿದ್ದರು ಮೇಷ್ಟ್ರು. ಜೋಡುಗುಡ್ಡ ವನಧಾಮವಾಗಬೇಕು, ಹೆಂಗಸರು ಮಕ್ಕಳು ಸೈಕಲ್ ತುಳಿದುಕೊಂಡು ಬಂದು ನಾಲ್ಕು ಕೊಂಬಿನ ಕೊಂಡಕುರಿ ನೋಡುವಂತಾಗಬೇಕು ಎಂಬುದು ಅವರ ಆಸೆ. ಸೋಮವಾರ ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಗುಡ್ಡ ಪ್ರಾಣಿಗಳಿಗೋ ಕ್ರಷರಿಗೋ ಎಂಬುದು ಅಂದೇ ತೀರ್ಮಾನ. ಆದರೆ ನಿರ್ಮಲಮ್ಮನಿಗೆ ಈಗ ಗುಡ್ಡ ಬೇಕಿರಲಿಲ್ಲ. ಗಂಡ ಬೇಕಿತ್ತು.

"ಏ ಮಲ್ಲೇಶಿ," ಭೀಮಕ್ಕ ಮೊರ ಕೊಡವುತ್ತಾ ಮೈದುನನನ್ನು ಗದರಿದಳು. "ಬೆಳಗಿಂದ ಕುಂತು ಶೇಂಗಾ ಮುಕ್ಕಿದ್ದು ಸಾಕು. ಬಂದು ರಾಶಿ ಅಳೀ ಬಾ. ಚೀಲದ ಬಾಯಿ ನಾನು ಹಿಡೀತೀನಿ."

ಮಲ್ಲೇಶಪ್ಪ ಟೋಪಿ ಕೊಡವಿ ಎದ್ದ. ರಾಶಿಗೆ ಕೈಮುಗಿದು, ಕೊಳಗವನ್ನು ಜೋಳದೊಳಗೆ ಮುಳುಗಿಸಿ ಎತ್ತಿ, ಚೀಲಕ್ಕೆ ಸುರಿಯುತ್ತಾ ಗಟ್ಟಿಯಾಗಿ ಎಣಿಸಿದ.

"ಲಾಭ..."

ಎರಡನೇ ಕೊಳಗ ರಾಶಿಗೆ ಇಳಿಯಲಿಲ್ಲ. ಮಲ್ಲೇಶಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವನು ಮೆಲ್ಲಗೆ ತಲೆ ತಿರುಗಿಸಿ ವಿರೂಪಾಕ್ಷಪ್ಪನನ್ನು ನೋಡಿದ. ವಿರೂಪಾಕ್ಷಪ್ಪ ಅವನನ್ನೇ ನೋಡುತ್ತಿದ್ದ.

ರಾಶಿ ಅಳೆಯುವಾಗ ಈ ಸೀಮೆಯಲ್ಲಿ ಯಾರೂ ಒಂದು ಅನ್ನುವುದಿಲ್ಲ. ಮೊದಲ ಕೊಳಗ ಲಾಭ, ಆಮೇಲೆ ಎರಡು, ಮೂರು. ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಹೊಳೆಯಲಿಲ್ಲವಲ್ಲ! ತನ್ನ ತಲೆಯೊಳಗೆ ಇನ್ನೂ ಪೊಲೀಸ್ ಟೋಪಿಯೇ ಕೂತಿದೆ, ಎಲ್ಲಿ ನೋಡಿದರೂ ಲಾರಿ, ಲೋಡು ಎಂದು ವಿರೂಪಾಕ್ಷಪ್ಪ ಮನಸ್ಸಿನಲ್ಲೇ ತಲೆ ತಲೆ ಚಚ್ಚಿಕೊಂಡ.

"ಮಲ್ಲೇಶಪ್ಪ, ಈಗ ಏನಂದೆ?"

"ಏನಿಲ್ರೀ. ರಾಶಿ ಅಳೀತಿದ್ದೆ."

ವಿರೂಪಾಕ್ಷಪ್ಪ ಜೇಬಿನಿಂದ ನೋಟುಬುಕ್ಕು ತೆಗೆದು ಪುಟ ಮಗುಚಿದ. "ಲಾ, ಎರಡು, ಮೂರು, ನಾಲ್ಕು... ಒಂಬತ್ತರ ತನಕ ಐತೆ. ಒಂದು ಮಾತ್ರ ಎಲ್ಲೂ ಇಲ್ಲ. ಮೇಷ್ಟ್ರು ಗೋವಿನಕೋವಿ ಕಡೆ ಒಕ್ಕಲುತನದ ಮನೆಯೋರು, ಕಲ್ಲು ಎಣಿಸಿದ್ರೂ ಕಣದ ಲೆಕ್ಕದಾಗೇ ಎಣಿಸ್ಯಾರೆ. ದಾರಿಯ ಮೊದಲನೇ ಕಲ್ಲಿಗೆ ಲಾ ಅಂತ ಬರೆದಾರೆ. ನೀನು ಹುಟ್ಟಿದಾಗಿಂದ ಈ ಕಣದಾಗೆ ಅಳೆದೋನು. ಲಾ ಅಂದ್ರೆ ಲಾರಿ ಅಂತ ಹೇಳಾಕೆ ನಿನಗೆ ನಾಲಗೆ ಹೆಂಗೆ ಬಂತು?"

"ನನಗೂ ಹೊಳೀಲಿಲ್ಲ..."

"ನನಗೆ ಹೊಳೀಲಿಲ್ಲ ಅಂದ್ರೆ ದಡ್ಡತನ. ನಿನಗೆ ಹೊಳೀಲಿಲ್ಲ ಅಂದ್ರೆ ಅದಕ್ಕೆ ಬೇರೆ ಹೆಸರೈತೆ."

ನಿರ್ಮಲಮ್ಮ ನೋಟುಬುಕ್ಕನ್ನು ಕಸಿದುಕೊಂಡು ಓದಿದಳು. ಅವಳ ಕಣ್ಣು ಮೊದಲು ಸುಟ್ಟದ್ದು ವಿರೂಪಾಕ್ಷಪ್ಪನನ್ನೇ. "ನೀವು ನನಗೆ ಲಾರಿ ಹತ್ರ ಅಂತ ಓದಿ ಹೇಳಿದ್ರಿ. ಇದ್ದದ್ದು ಇದ್ದಂಗೆ ಓದಿದ್ರೆ ನಾನು ಅವತ್ತೇ ಹೇಳ್ತಿದ್ದೆ. ಪೇಟೆಯಿಂದ ತೆಂಗಿನಕಾಯಿ ತಂದ್ರೂ ಲಾಭ ಅಂತಲೇ ಎಣಿಸೋರು ನಮ್ಮೋರು."

ವಿರೂಪಾಕ್ಷಪ್ಪ ತಲೆ ತಗ್ಗಿಸಿದ. ತಪ್ಪು ತಪ್ಪೇ. ಆಮೇಲೆ ಅವಳು ಮಲ್ಲೇಶಪ್ಪನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಅವರು ಬದುಕಿದಾರಾ ಇಲ್ಲವಾ? ಅಷ್ಟು ಹೇಳು ಮಲ್ಲೇಶಣ್ಣ."

ಅಣ್ಣ ಎಂದದ್ದೇ ಅವನನ್ನು ಕೆಡವಿತು. ಕೊಳಗ ಕೆಳಗಿಟ್ಟು ರಾಶಿಯ ಪಕ್ಕದಲ್ಲೇ ಕುಕ್ಕರಿಸಿದ.

"ದೇವರಾಣೆ ಗೊತ್ತಿಲ್ಲಮ್ಮ. ಅವರ ಮೈ ಮುಟ್ಟಿಲ್ಲ ನಾನು. ಎರಡು ವರ್ಷದ ಹಿಂದೆ ಗುಡ್ಡದಾಗೆ ಕೊಂಡಕುರಿ ಒಂದೂ ಉಳಿದಿಲ್ಲ ಅಂತ ಬರಕೊಟ್ಟೋನು ನಾನೇ. ಆವಾಗ ಜ್ವರ. ಗುಡ್ಡ ಹತ್ತಲೇ ಇಲ್ಲ, ಮನೇಲಿ ಮಲಗಿದ್ದು ಬರೆದುಬಿಟ್ಟೆ. ಈಗ ಮೇಷ್ಟ್ರು ಒಂಬತ್ತನೇ ಕಲ್ಲಿನ ತಾವ ಗೊರಸಿನ ಗುರುತು ಕಂಡೀನಿ ಅಂದ್ರು. ಸೋಮವಾರ ಸಾಹೇಬ್ರಿಗೆ ತೋರಿಸ್ತೀನಿ ಅಂದ್ರು. ತೋರಿಸಿದ್ರೆ ನನ್ನ ನೌಕ್ರಿ ಹೋಗ್ತೈತೆ. ಅದಕ್ಕೇ ಮೊದಲನೇ ಕಲ್ಲಿನ ಸುಣ್ಣ ಕೆರೆದು ಹಾಕಿದೆ. ದಾರಿ ಯಾರಿಗೂ ಸಿಗಬಾರದು ಅಂತ. ಅಷ್ಟೇ ಮಾಡಿದ್ದು."

"ಅಷ್ಟೇನಾ?" ಭೀಮಕ್ಕ ಚೀಲ ಬಿಟ್ಟು ಮುಂದೆ ಬಂದಳು. "ನಿನ್ನ ನೌಕ್ರಿಗೆ ಬೆಂಕಿ ಬೀಳಾ! ಒಂದು ಜೀವ ಐದು ದಿನದಿಂದ ಗುಡ್ಡದಾಗೆ ಐತೆ, ನೀನು ಇಲ್ಲಿ ಈಯಮ್ಮನ ಪಕ್ಕದಾಗೆ ಕುಂತು ಶೇಂಗಾ ಸುಲೀತೀಯಾ?"

"ಮಂಗಳವಾರ, ಬುಧವಾರ ಕೂಗಿಕೊಂಡು ತಿರುಗೀನಿ ಅತ್ತಿಗೆ. ಆ ಕಲ್ಲು ದಾಟಿದ್ರೆ ಮೇಲಿನ ದಾರಿ ನನಗೂ ಗೊತ್ತಿಲ್ಲ. ಕುರಿ ಜಾಡು ನೂರು ಕವಲು ಒಡೀತಾವೆ." ಅವನು ಅಳುತ್ತಿದ್ದ. ದೊಡ್ಡ ಮೀಸೆಯ ಗಂಡಸು ಮಗುವಿನಂತೆ ಅಳುವುದನ್ನು ನೋಡಿ ವಿರೂಪಾಕ್ಷಪ್ಪನಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡಕ್ಕೂ ಹೊತ್ತಿರಲಿಲ್ಲ.

"ಮೊದಲನೇ ಕಲ್ಲು ಎಲ್ಲೈತೆ?"

"ಬೇಲದ ಮರದ ಬುಡದಾಗೆ."

ಮುರುಗೇಶಪ್ಪ ಜಗಳ ಆಡಿದ್ದೂ ಅಲ್ಲೇ. ಲಾ ಹತ್ತಿರ ಮುರುಗೇಶಪ್ಪ. ಸಾಲು ಈಗ ತಾನಾಗಿ ಬಾಯಿಬಿಟ್ಟಿತು. ನಾಳೆ ಒಂಬತ್ತಕ್ಕೆ ಎಂದರೆ ಒಂಬತ್ತು ಗಂಟೆಗಲ್ಲ, ಒಂಬತ್ತನೇ ಕಲ್ಲಿಗೆ!

ಇನ್ನು ಆ ಅಂಕಿಗಳು. 'ಲಾ–೨: ೨೧೦, ಬಲ. ೨–೩: ೩೪೫, ಎಡ.' ಅವು ಜಲ್ಲಿಯ ಲೋಡಂತೆ! ಸೈಕಲ್ ಅಂಗಡಿಯವನಾಗಿ ಇದಕ್ಕಂತೂ ಅವನು ನಾಚಿಕೊಳ್ಳಲೇಬೇಕಿತ್ತು. ಮುಂದಿನ ಚಕ್ರದ ಕಡ್ಡಿಗೆ ಒಂದು ಬಟ್ಟೆ ಚೂರು ಕಟ್ಟಿದರೆ ಪ್ರತಿ ಸುತ್ತಿಗೂ ಅದು ಫೋರ್ಕಿಗೆ ಟಪ್ಪೆಂದು ಬಡಿಯುತ್ತದೆ. ಟಪ್ಪುಗಳನ್ನು ಎಣಿಸಿದರೆ ದಾರಿಯ ಅಳತೆ. ಮೇಷ್ಟ್ರು ಇಡೀ ಗುಡ್ಡವನ್ನು ಚಕ್ರದ ಸುತ್ತಿನಲ್ಲಿ ಅಳೆದಿಟ್ಟಿದ್ದರು.

ವಿರೂಪಾಕ್ಷಪ್ಪ ತನ್ನ ಕರವಸ್ತ್ರವನ್ನೇ ಹೊಸೆದು ಚಕ್ರಕ್ಕೆ ಕಟ್ಟತೊಡಗಿದ.

"ಇಲ್ಲಿ ಕೊಡ್ರಿ, ನಾನು ಮುಂದೆ ಹೋಗ್ತೀನಿ," ಎಂದಳು ನಿರ್ಮಲಮ್ಮ.

"ನೀವು ಸೈಕಲ್ಲು...?"

"ಆರು ವರ್ಷ ಆಯ್ತು ಕಲಿತು. ಊರಾಗೆ ತುಳಿದ್ರೆ ಜನ ಆಡಿಕೊಳ್ತಾರೆ ಅಂತ ಇಲ್ಲೇ ಗುಡ್ಡದ ದಾರೀಲಿ ಕಲಿಸಿದ್ರು."

ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಅವಳು ವಿರೂಪಾಕ್ಷಪ್ಪನ ಸೈಕಲ್ಲನ್ನೇ ಏರಿದಳು. ಅವನಿಗೆ ಉಳಿದದ್ದು ಮಲ್ಲೇಶಪ್ಪನ ಇಲಾಖೆಯ ಸೈಕಲ್ಲು. ಬೇಲದ ಮರದ ತನಕ ಮಲ್ಲೇಶಪ್ಪ ಓಡುತ್ತಲೇ ಬಂದು, ಕೆರೆದ ಕಲ್ಲು ತೋರಿಸಿದ. "ಇಲ್ಲೇ ಕೂತಿರು. ಕದಲಿದರೆ ಕಾಲು ಮುರೀತೀನಿ," ಎಂದು ವಿರೂಪಾಕ್ಷಪ್ಪ ಹೇಳುವಷ್ಟರಲ್ಲಿ ಅವನು ಆಗಲೇ ಕೂತಿದ್ದ.

ಟಪ್. "ಲಾಭ," ಎಂದಳು ನಿರ್ಮಲಮ್ಮ. ಟಪ್. "ಎರಡು." ಟಪ್. "ಮೂರು."

ಇನ್ನೂರ ಹತ್ತಕ್ಕೆ ನಿಂತು ಬಲಕ್ಕೆ ನೋಡಿದರೆ, ತಂಗಡಿ ಗಿಡದ ಹಿಂದಿನ ಕಲ್ಲಿನ ಮೇಲೆ ಅಂಗೈ ಅಗಲದ ಸುಣ್ಣ. ೨. ದಾರಿಗೆ ಬೆನ್ನು ಮಾಡಿ ಬರೆದದ್ದು. ಅಳತೆ ಗೊತ್ತಿಲ್ಲದವನು ನೂರು ಸಲ ಓಡಾಡಿದರೂ ಕಾಣುತ್ತಿರಲಿಲ್ಲ.

ವಿರೂಪಾಕ್ಷಪ್ಪನ ಬಾಯಿಂದ ತಾನಾಗಿ ಒಂದು ಶಿಳ್ಳೆ ಹೊರಟಿತು.

ಅಲ್ಲಿಂದ ದಾರಿ ಗುಡ್ಡದ ಸೊಂಟ ಹಿಡಿದು ಏರಿ, ಇಳಿದು, ಮತ್ತೆ ಏರಿತು. ಕೆಂಪು ಗರಸು ಚಕ್ರದಡಿ ಕರಕರ ಜಾರುತ್ತಿತ್ತು. "ಮುಂದಿನ ಬ್ರೇಕ್ ಹಿಡೀಬ್ಯಾಡ್ರಿ, ಮಗುಚಿಕೊಳ್ತೀರಿ," ಎಂದು ನಿರ್ಮಲಮ್ಮ ಎಣಿಕೆಯ ನಡುವೆಯೇ ಹಿಂತಿರುಗದೆ ಕೂಗಿದಳು. "ಸಡಿಲ ಇದ್ದ ಕಡೆ ಹ್ಯಾಂಡಲ್ ಬಿಗಿ ಹಿಡೀಬ್ಯಾಡ್ರಿ, ಅದರ ಪಾಡಿಗೆ ಬಿಡ್ರಿ. ನೂರಾ ಎಂಬತ್ತಾರು!" ನಿವೃತ್ತನಾದಂದಿನಿಂದ ಊರಿಗೆಲ್ಲ ಸೈಕಲ್ ಪಾಠ ಹೇಳಿದ್ದವನು ಬಾಯಿ ಮುಚ್ಚಿಕೊಂಡು ಹೇಳಿದಂತೆ ಕೇಳಿದ. ನಾಲ್ಕನೇ ಕಲ್ಲಿಗೆ ಅವನ ಅಂಗಿ ತೊಯ್ದಿತು. ಆರನೆಯದಕ್ಕೆ ಇಳಿದು ತಳ್ಳಿದ. ಅವಳು ಇಳಿಯಲೇ ಇಲ್ಲ.

ಏಳನೇ ಕಲ್ಲು ದಾಟಿದ ಮೇಲೆ ಗಾಳಿ ಬದಲಾಯಿತು. ಕೆಳಗೆ ಜೋಳದ ಹೊಲಗಳು, ದೂರದಲ್ಲಿ ಜಗಳೂರಿನ ಕೆರೆಯ ಮಿಂಚು. ಮುಳ್ಳುಪೊದೆಗಳ ನಡುವೆ ಒಂದು ನವಿಲು ದಡಬಡಿಸಿ ಹಾರಿತು. ಮೇಷ್ಟ್ರು ಭಾನುವಾರಗಳನ್ನೆಲ್ಲ ಯಾಕೆ ಇದಕ್ಕೆ ಬಿಟ್ಟುಕೊಟ್ಟರು ಎಂದು ವಿರೂಪಾಕ್ಷಪ್ಪನಿಗೆ ಅಂದು ಅರ್ಥವಾಯಿತು. ಇಂಥ ಜಾಗದಲ್ಲಿ ಕೆಟ್ಟದ್ದೇನೂ ಆಗಿರಲಾರದು ಅನ್ನಿಸಿತು. ಪೊಲೀಸನಿಗೆ ತಕ್ಕ ಆಲೋಚನೆಯಲ್ಲ, ಆದರೆ ಅನ್ನಿಸಿತು.

ಒಂಬತ್ತನೇ ಕಲ್ಲು ಬಂಡೆಯ ಮಡಿಲಲ್ಲಿದ್ದ ಸಣ್ಣ ದೊಣೆಯ ಪಕ್ಕದಲ್ಲಿತ್ತು. ಜನವರಿ ಬಿಸಿಲಿನಲ್ಲೂ ದೊಣೆಯಲ್ಲಿ ನೀರು ತಿಳಿಯಾಗಿ ನಿಂತಿತ್ತು. ಅಂಚಿನ ಕೆಸರಿನಲ್ಲಿ ಪುಟ್ಟ ಪುಟ್ಟ ಜೋಡಿ ಗೊರಸಿನ ಗುರುತುಗಳು. ಮೇಷ್ಟ್ರು ಮಾತ್ರ ಇರಲಿಲ್ಲ.

ನಿರ್ಮಲಮ್ಮ ಸೈಕಲ್ಲನ್ನು ಹಾಗೇ ಬೀಳಲು ಬಿಟ್ಟು ಬಂಡೆಯ ಹಿಂದಕ್ಕೆ ಓಡಿದಳು. ಮರುಕ್ಷಣ ಅವಳ ಕೂಗು ಕೇಳಿತು. ವಿರೂಪಾಕ್ಷಪ್ಪ ಹಿಂದೆಯೇ ಧಾವಿಸಿದ.

ಬಂಡೆಯ ಮೇಲೆ ಸುಣ್ಣದಲ್ಲಿ ಎರಡು ಸಾಲು.

'ನಿರ್ಮಲಾ, ಚೆನ್ನಾಗಿದ್ದೇನೆ. ಸೋಮವಾರದವರೆಗೆ ಹುಡುಕಬೇಡಿ.'

"ಅವರದೇ ಅಕ್ಷರ," ಎಂದಳು ಅವಳು. "ದಫೇದಾರ್ರೇ, ಅವರದೇ!"

ವಿರೂಪಾಕ್ಷಪ್ಪ ಬೆರಳು ತಾಗಿಸಿದ. ತುದಿಗೆ ಹಸಿ ಸುಣ್ಣ ಹತ್ತಿತು. ಬರೆದು ಅರ್ಧ ಗಂಟೆಯೂ ಆಗಿರಲಿಲ್ಲ. ಅವನು ಆ ಬೆರಳನ್ನು ಅವಳಿಗೆ ತೋರಿಸಿದ. ಐದು ದಿನ ಅಳದೆ ಉಳಿದವಳು ಬಂಡೆಗೆ ಹಣೆ ಹಚ್ಚಿ ಅತ್ತಳು, ಅಳುತ್ತಲೇ ನಕ್ಕಳು. ಅವನ ಕಣ್ಣೂ ಒದ್ದೆಯಾಯಿತು, ಒರೆಸಿಕೊಳ್ಳಲು ನೋಡಿದರೆ ಕರವಸ್ತ್ರ ಚಕ್ರದಲ್ಲಿತ್ತು.

ಆಗಲೇ ಮೇಲಿನ ಗುಡ್ಡದಿಂದ ಸೈಕಲ್ ಗಂಟೆಯ ಸದ್ದು ಬಂತು. ಟ್ರಿಣ್ ಟ್ರಿಣ್. ಸ್ವಲ್ಪ ತಡೆದು, ಟ್ರಿಣ್.

"ಸ್ಕೂಲು ಬಿಟ್ಟು ಓಣಿ ತಿರುಗುವಾಗ ಹಿಂಗೇ ಬಾರಿಸ್ತಾರೆ!" ನಿರ್ಮಲಮ್ಮ ಬಿದ್ದಿದ್ದ ಸೈಕಲ್ಲಿನ ಗಂಟೆಯನ್ನು ಹಿಡಿದು ಬಾರಿಸಿದಳು, ಬಾರಿಸುತ್ತಲೇ ಇದ್ದಳು.

ಉತ್ತರ ಬಂತು. ಆದರೆ ಬಂದದ್ದು ಎದುರಿನ ಗುಡ್ಡದಿಂದ, ಬೇರೊಂದು ಗಂಟೆಯಿಂದ. ಟೊಣ್, ಟೊಣ್.

ನಿರ್ಮಲಮ್ಮ ಬೆಚ್ಚಿ ಅವನ ಮುಖ ನೋಡಿದಳು. "ಇದು ಯಾರು?"

ಆ ಬೋಳು ಸದ್ದು ವಿರೂಪಾಕ್ಷಪ್ಪನಿಗೆ ನಿದ್ದೆಯಲ್ಲೂ ಗೊತ್ತು. ಅವನ ಅಂಗಡಿಯ ನಾಲ್ಕನೇ ನಂಬರಿನ ಸೈಕಲ್ಲಿನ ಗಂಟೆ ಅದು. ಟೋಪಿ ಒಡೆದುಹೋಗಿದ್ದಕ್ಕೆ ಹಳೇ ಹಿತ್ತಾಳೆ ಬಟ್ಟಲೊಂದನ್ನು ಬಡಿದು ತಾನೇ ಕೂರಿಸಿದ್ದ. ಚೈನು ಬೀಳುತ್ತದೆಂದು ಆ ಸೈಕಲ್ಲನ್ನು ಯಾರಿಗೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಈ ದಿನ ಬೆಳಿಗ್ಗೆ ಅದು ಅಂಗಡಿಯ ಒಳಮೂಲೆಯಲ್ಲೇ ಇತ್ತು. ಬೀಗ ಹಾಕಿ, ಬೀಗದ ಕೈಯನ್ನು ಹೆಂಡತಿ ಕಸ್ತೂರಮ್ಮನ ಕೈಯಲ್ಲಿ ಇಟ್ಟು ಬಂದಿದ್ದ.

ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಅವಳು ಅಂದದ್ದು, ಬಂಡೆಯ ಮೇಲಿದ್ದ ಅದೇ ಸೋಮವಾರದ ಮಾತು, ಈಗ ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು.

"ಸೋಮವಾರದ ತನಕ ತಡೀರಿ ಅಂದ್ರೆ ನಿಮಗೆ ಯಾಕೆ ತಿಳಿಯಾದಿಲ್ಲ?"